ಒಣ ಅಂಗೈ

ಗೋಡಂಬಿ ಸಿಪ್ಪೆಯ ಸೊನೆ ಕೈ ಸುಡುತ್ತದೆ. ಅದಕ್ಕೇ ಕಾರ್ಖಾನೆಯ ಹೆಂಗಸರೆಲ್ಲ ಮನೆಯಲ್ಲೇ ಅಂಗೈಗೆ ಎಣ್ಣೆ ಸವರಿಕೊಂಡು ಕೆಲಸಕ್ಕೆ ಬರುವುದು. ಮುಷ್ಕರದ ದಿನ ಮುಖಂಡೆ ಗುಲಾಬಕ್ಕ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಅಂಗೈ ನೋಡುತ್ತಿದ್ದರು. ಎಣ್ಣೆ ಇದ್ದವಳು ಕದ್ದು ಒಳಗೆ ಹೋಗುವವಳು ಎಂದೇ ಅರ್ಥ.

“ನೀನು ಹೊಸಬಳು. ನಿನ್ನ ಮೇಲೇ ನಂಗೆ ಡೌಟು. ಕೈ ತೋರ್ಸು ಮಾರಾಯ್ತಿ.”

ಹೊರಗೆ ನಿಂತರೆ ಕೆಲಸ ಹೋದೀತೆಂಬ ಹೆದರಿಕೆ ನನಗಿತ್ತು. ಆದರೂ ಎಣ್ಣೆ ಹಚ್ಚದೆ ಬಂದಿದ್ದೆ.

“ಎಲ್ಲರೂ ಕೊನೆವರೆಗೆ ನಿಲ್ತಾರಾ ಅಕ್ಕ?” ಎನ್ನುತ್ತಾ ಕೈ ಚಾಚಿದೆ.

“ನಾನಿಲ್ವಾ? ಓ, ನಿನ್ನ ಕೈ ಒಣಗಿಯೇ ಉಂಟಲ್ಲ! ನಾನು ಎಂತೆಂತದೋ ಗ್ರಹಿಸಿದ್ದೆ.”

ಖುಷಿಯಿಂದ ನನ್ನ ಕೈಯನ್ನು ಬಿಗಿಯಾಗಿ ಹಿಡಿದೆತ್ತಿ ಘೋಷಣೆ ಕೂಗಿದರು.

ಅವರು ಬಿಟ್ಟ ಮೇಲೆ ನೋಡಿದರೆ, ನನ್ನ ಅಂಗೈ ಎಣ್ಣೆಯಿಂದ ಹೊಳೆಯುತ್ತಿತ್ತು.