ಸೊಟ್ಟ ಕೋಲಿನ ಹೊಗೆ

ಚಂದ್ರನ ಮೇಲಿನ ಊರಿನಲ್ಲಿ ಒಲೆಗೆ ಬೆಂಕಿಯಿಲ್ಲ, ದೇವರಿಗೆ ದೀಪವಿಲ್ಲ. ಗಾಳಿಯನ್ನು ತಮ್ಮ ಗಿಡಗಳಿಂದಲೇ ಚೊಕ್ಕ ಮಾಡಿಕೊಳ್ಳಬಲ್ಲ ಮನೆಯವರು ಮಾತ್ರ ಹೊಗೆ ಎಬ್ಬಿಸಬಹುದು. ಗಾಳಿ ಕೆಟ್ಟದ್ದನ್ನು ತೋರುವ ಸೂರಿನ ಹಸಿರು ದೀಪ ಕೆಂಪಾಯಿತೋ, ಊರಿನವರು ಗಿಡ ಕಿತ್ತು ಆ ಜಾಗದಲ್ಲಿ ಉಣ್ಣುವ ಅವರೆಕಾಯಿಯ ಬಳ್ಳಿ ಹಾಕಿಸುತ್ತಾರೆ.

ಶಿವಗಂಗವ್ವ ತನ್ನ ಮಗಳು ನೀಲಾಂಬಿಕೆಗೆ ಎರೆದ ಮೇಲೆ ಹೊಗೆ ಹಾಕಲಾಗದ ಸಂಕಟಕ್ಕೆ, ಮಗಳು ತೊಟ್ಟಿಲಲ್ಲಿದ್ದಾಗಲೇ ಲೋಬಾನದ ಸಸಿ ನೆಟ್ಟಿದ್ದಳು. "ಆ ಸೊಟ್ಟ ಕೋಲಿಗೆ ನೀರು ಹಾಕಿ ಏನ ಉಣ್ತೀಯವಾ?" ಎಂದು ನೆರೆಮನೆಯ ಮಹಾದೇವಕ್ಕ ಅಂದಿನಿಂದಲೂ ನಗುತ್ತ ಬಂದಿದ್ದಳು.

ಈಗ ನೀಲಾಂಬಿಕೆಯೇ ಬಾಣಂತಿ. ಅವಳು ಹೆರಿಗೆಗೆ ಬಂದ ದಿನ ಗಂಗವ್ವ ಮರದ ತೊಗಟೆ ಗೀರಿದ್ದಳು. ಒಸರಿದ ಅಂಟು ಹರಳುಗಟ್ಟಿತ್ತು. ಇಂದು ಕೂಸಿಗೆ ಎರೆದಾದ ಮೇಲೆ, ಅದೇ ಮರದ ಒಣಕಡ್ಡಿಯ ಕೆಂಡಕ್ಕೆ ಅದನ್ನು ಉದುರಿಸಿದಳು. ಹೊಗೆ ಎದ್ದಿತು. ದೀಪ ಹಳದಿಗೆ ತಿರುಗಿತು.

"ಅವ್ವಾ, ದೀಪ ನೋಡ ಬೇ!" ನೀಲಾಂಬಿಕೆ ಕೂಸನ್ನು ಅವಚಿಕೊಂಡಳು.

ಗಂಗವ್ವ ದೀಪದ ಕಡೆ ನೋಡಲೇ ಇಲ್ಲ. "ನನ್ನ ಮರ ನನಗ ಗೊತ್ತೈತಿ. ಕೂಸನ್ನ ಇತ್ತ ಕೊಡು."

ಹೊಗೆಯ ಮೇಲೆ ಆಡಿಸಿದಾಗ ಕೂಸು ಸೀನಿತು. ಎಲೆಗಳು ಸುಮ್ಮನೆ ನಿಂತಿದ್ದವು. ದೀಪ ನಿಧಾನಕ್ಕೆ ಹಸಿರಾಯಿತು.

ಬಾಗಿಲಲ್ಲಿ ಸದ್ದಾಯಿತು. ಘಮ ಹಿಡಿದು ಬಂದ ಮಹಾದೇವಕ್ಕ ಒದ್ದೆ ಕೂದಲು ಬಿಚ್ಚಿಕೊಂಡು ನಿಂತಿದ್ದಳು. "ನನಗೂ ಒಂಚೂರು ಹಾಕವಾ."

ಗಂಗವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಬಾ ಅಕ್ಕಾ. ಮೊದಲ ಬಾಣಂತಿ ಕೂದಲಿಗೆ, ಆಮೇಲೆ ನಿನ್ನ ಪಾಳಿ. ಅಲ್ಲೀತನಕ ಸೊಟ್ಟ ಕೋಲಿಗೆ ಕೈ ಮುಗದು ಕೂಡು!"