ಎಡಗಾಲಿಯ ನಟ್ಟು

ಬೆನ್ನಿನ ಬಾಸುಂಡೆ ಇನ್ನೂ ಉರಿಯುತ್ತಿತ್ತು. ಗಂಡ ಸ್ನಾನಕ್ಕೆ ಹೋದದ್ದೇ ತಡ, ಅವಳು ಸ್ಪ್ಯಾನರ್ ಹಿಡಿದು ಅವನ ಹಳೇ ಲಾರಿಯ ಎಡಗಾಲಿಯ ಮುಂದೆ ಕೂತಳು. ಬಲಗಾಲಿ ಬಿಚ್ಚುವಾಗ ಅವನು ನಟ್ಟುಗಳನ್ನು ಎಡಕ್ಕೆ ತಿರುಗಿಸುವುದನ್ನು ಎಷ್ಟೋ ಸಲ ನೋಡಿದ್ದಳು. ಮೈಭಾರವೆಲ್ಲ ಬಿಟ್ಟು ಒಂದೊಂದನ್ನೂ ಹಾಗೇ ಎಳೆದಳು. ಕೈಬಳೆ ಒಡೆಯಿತು.

ಲಾರಿ ಘಾಟಿಯತ್ತ ಹೊರಟಿತು.

ಸಂಜೆ ಅವನು ಬಾಗಿಲಲ್ಲಿ ನಿಂತಿದ್ದ.

"ಘಾಟಿ ಇಳಿದು ಬಂದ್ರಾ?" ಅವಳು ಎದ್ದು ನಿಂತಳು.

"ಬಂದೆ. ಎಡಗಡೆ ನಟ್ಟು ನಾಲ್ಕು ದಿನದಿಂದ ಲೂಸಾಗಿದ್ವು, ಮರ್ತೇಬಿಟ್ಟಿದ್ದೆ ಕಣೇ. ಘಾಟೀಲಿ ನೆನಪಾಗಿ ಇಳಿದು ನೋಡಿದ್ರೆ ಕಲ್ಲಿನಂಗೆ ಬಿಗಿಯಾಗವೆ."

ಗಾಲಿಯಲ್ಲಿ ಸಿಕ್ಕಿದ್ದ ಬಳೆಚೂರನ್ನು ಅವಳ ಅಂಗೈಗೆ ಮೆಲ್ಲಗೆ ಇಟ್ಟು ಕೇಳಿದ:

"ಎಡಗಾಲಿ ನಟ್ಟು ಎಡಕ್ಕೆ ತಿರುಗಿಸಿದ್ರೇನೇ ಬಿಗಿಯಾಗೋದು ಅಂತ ನಿಂಗ್ಯಾರೇ ಹೇಳ್ಕೊಟ್ಟಿದ್ದು?"