ಕತ್ತರಿಸುವ ಮೇಜಿನ ಕೆಳಗೆ

ಆಸ್ಪತ್ರೆಯಿಂದ ಮಗ ಫೋನು ಮಾಡಿ, "ಅಪ್ಪಾ, ಅಮ್ಮ ಹೋಗ್ಬಿಟ್ಲು" ಅಂದಾಗ ದರ್ಜಿ ತಾತನ ಕೈಯಲ್ಲಿ ಯಾರದೋ ಅಂಗಿಯ ಅರ್ಧ ಕತ್ತರಿಸಿದ ತೋಳಿತ್ತು. ಅಡುಗೆಮನೆಯಿಂದ ಬಂದ ಸೊಸೆ ಮಾವನ ಮುಖ ನೋಡಿದವಳೇ ಗೋಳೋ ಎಂದಳು. ಅಕ್ಕಪಕ್ಕದವರು ಓಡಿ ಬಂದರು. ಈ ಗದ್ದಲದಲ್ಲಿ ಆರು ವರ್ಷದ ಮೊಮ್ಮಗಳು ಎಲ್ಲಿ ಹೋದಳೆಂದು ಯಾರಿಗೂ ತಿಳಿಯಲಿಲ್ಲ.

ಕೊನೆಗೆ ಸಿಕ್ಕಿದ್ದು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚಿಂದಿಗಳ ನಡುವೆ. ಒಂದು ಕೈ ತಲೆಯ ಮೇಲೆ, ಇನ್ನೊಂದು ಮೇಜಿನ ಕಾಲಿನ ಮೇಲೆ. ತಾಯಿ ಕರೆದರೂ ಬರಲಿಲ್ಲ, ಎಳೆದರೂ ಬರಲಿಲ್ಲ.

"ನೀನು ಬಿಡಮ್ಮ, ನಾನು ನೋಡ್ತೀನಿ" ಎಂದು ತಾತ ಮಂಡಿ ಹಿಡಿದುಕೊಂಡು, ಉಸ್ಸಪ್ಪಾ ಎನ್ನುತ್ತಾ ಒಳಗೆ ತೂರಿದ.

"ತಲೆ ಮೇಲೆ ಕೈ ಇಟ್ಕೋ ತಾತ" ಎಂದು ಅವಳು ಪಿಸುಗುಟ್ಟಿದಳು.

"ಇಟ್ಕೊಂಡೆ. ಕೂದಲಂತೂ ಇಲ್ಲ, ಕೈಯಾದ್ರೂ ಇರಲಿ. ಏನೇ ಇದು, ಪುಟ್ಟಕ್ಕ?"

"ಶ್! ಡ್ರಿಲ್ಲು. ದೊಡ್ಡವರು ಕಿರುಚ್ಕೊಂಡು ಓಡಾಡಿದ್ರೆ ಹೀಗೇ ಕೂತ್ಕೋಬೇಕು."

ಹಿಂದಿನ ವಾರ ಶಾಲೆಯಲ್ಲಿ ಭೂಕಂಪದ ತಾಲೀಮು ಮಾಡಿಸಿದ್ದರು. ಅಂದಿನಿಂದ ಬಾಗಿಲು ಬಡಿದರೂ ಅವಳು ಬೆಚ್ಚುತ್ತಿದ್ದಳು.

"ಅಜ್ಜಿ ಸತ್ತೋದ್ಲು ಅಂತ ಅಮ್ಮ ಯಾಕೆ ಅಳ್ತಾಳೆ? ಅವತ್ತು ಡ್ರಿಲ್ಲಲ್ಲಿ ನಾನೂ ಸತ್ತಿದ್ದೆ. ಮಿಸ್ಸು ಹಣೆಗೆ ಕೆಂಪು ಬಣ್ಣ ಹಚ್ಚಿ ಮಲಗಿಸಿದ್ರು. ಬೆಲ್ ಹೊಡೆದ ಮೇಲೆ ಎದ್ದು ಬಿಸ್ಕತ್ತು ತಿಂದೆ." ಅವಳ ದನಿ ಇನ್ನೂ ಇಳಿಯಿತು. "ಬೆಲ್ ಹೊಡೆಯೋದು ಮರ್ತುಬಿಟ್ರೆ ಅಂತ ತುಂಬಾ ಭಯ ಆಗಿತ್ತು ತಾತ. ಅಜ್ಜಿಗೆ ಬೆಲ್ ಯಾರು ಹೊಡೀತಾರೆ?"

ಯಾರೋ ಹೊಡೀತಾರೆ ಎಂದುಬಿಟ್ಟರೆ ಅವಳು ಕಾಯುತ್ತಾ ಕೂರುವಳು. ಅವಳ ಜೊತೆ ತಾನೂ ಕಾಯುತ್ತಾ ಕೂರುವ ಆಸೆ ತಾತನಿಗೆ ಆಯಿತು.

"ಇದು ಡ್ರಿಲ್ಲಲ್ಲ ಕಂದಾ" ಎಂದ. "ಅಜ್ಜಿ ಎದ್ದು ಬರೋಲ್ಲ. ಆದ್ರೆ ಮನೆ ಬೀಳೋದಿಲ್ಲ, ನಾವೆಲ್ಲ ಇದೀವಿ. ಅಮ್ಮ ಅಳ್ತಿರೋದು ಭಯಕ್ಕಲ್ಲ, ಅಜ್ಜಿ ಮೇಲಿನ ಪ್ರೀತಿಗೆ. ನೀನೂ ಅಳಬಹುದು. ಜೋರಾಗೇ ಅಳಬಹುದು."

ಮೇಜಿನ ಕಾಲು ಹಿಡಿದಿದ್ದ ಪುಟ್ಟ ಕೈ ಸಡಿಲವಾಗಿ ತಾತನ ಕೊರಳಿಗೆ ಬಿತ್ತು. ಇಬ್ಬರೂ ಮನಸಾರೆ ಅತ್ತರು.

ಆಮೇಲೆ ತಾತ ಚಿಂದಿಯೊಂದರಿಂದ ಅವಳ ಮೂಗು ಒರೆಸಿ, ಕೈಮುಗಿದ. "ದೇವರೇ, ಅವಳ ಆತ್ಮಕ್ಕೆ ಶಾಂತಿ ಕೊಡಪ್ಪಾ."

ಮೊಮ್ಮಗಳೂ ಕೈಮುಗಿದಳು. "ಅಜ್ಜಿ ಒಬ್ಳೇ ಮಲಗಿದಾಳೆ ದೇವರೇ. ಭಯ ಆಗದ ಹಾಗೆ ಕೈ ಹಿಡ್ಕೊಂಡಿರು."